ನೀರಿನ ಲಿಮಿಟ್

ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತ ಮೈಲಾರಲಿಂಗಪ್ಪ ಹೆಂಡತಿ ದುರಗವ್ವನ ಕಡೆ ನೋಡದೆ ಮುಖ ತಿರುಗಿಸಿಕೊಂಡಿದ್ದ. ಹೋದ ಡಯಾಲಿಸಿಸ್ ಆದ ಮೇಲೆ ನಾಲ್ಕು ಕಿಲೋ ಏರಿತ್ತು. ಏರಿದ್ದು ಮೈಯಲ್ಲ, ಕಿಡ್ನಿ ಹೊರಹಾಕದೆ ಉಳಿದ ನೀರು ಎಂದು ಡಾಕ್ಟರು ದುರಗವ್ವನನ್ನು ಹೊರಗೆ ಕರೆದು ಹೇಳಿದರು. ಚಹಾ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು ಲಿಮಿಟ್; ಹೀಗೇ ದಾಟುತ್ತ ಹೋದರೆ ಒಂದು ದಿನ ಎದೆಗೆ ನೀರು ಹೊಕ್ಕು ಉಸಿರೇ ನಿಂತೀತು ಎಂದರು.

ಲಿಮಿಟ್ ಎಂಬ ಮಾತು ದುರಗವ್ವನಿಗೆ ಹೊಸದೇನಲ್ಲ. ಓಣಿಯಲ್ಲಿ ಕುಡಿದು ತೂರಾಡುವವರೂ ತಾವು ಲಿಮಿಟ್‌ನಲ್ಲೇ ಇದ್ದೇವೆಂದು ಆಣೆ ಮಾಡುತ್ತಿದ್ದರು. ಬದುವಿನ ಜಗಳದಲ್ಲಿ ಲಿಮಿಟ್ ದಾಟಬೇಡ ಎಂದು ಬೆರಳು ತೋರಿಸುತ್ತಿದ್ದರು. ಆದರೆ ಮದಗದ ಕೆರೆಯ ಮಗ್ಗುಲಲ್ಲಿರುವ ಮಾಸೂರಿನವನಿಗೆ ಕುಡಿಯುವ ನೀರಿಗೂ ಲಿಮಿಟ್ ಹಾಕುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬೆಳಿಗ್ಗೆಯೇ ಬಾಟಲಿಗೆ ಅಳೆದು ತುಂಬಿಡುತ್ತಿದ್ದಳು, ಕೊಡಗಳನ್ನು ಒಳಕೋಣೆಗೆ ಸೇರಿಸಿ ಬೀಗ ಹಾಕುತ್ತಿದ್ದಳು. ಆದರೂ ತೂಕ ಏರಿದ್ದು ಹೇಗೆ?

ಮರುದಿನ ಬಿಸಿಲೇರಿದ ಮೇಲೆ, ಅಡ್ಡಾಡಿ ಬರುತ್ತೇನೆಂದು ಹೊರಟ ಗಂಡನ ಹಿಂದೆಯೇ ಅವಳೂ ಹೋದಳು. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ತಂಬಿಗೆ ನೀರು ಕೊಟ್ಟು ಆಮೇಲೆ ಮಾತಿಗೆ ಕೂರುವ ಊರು ಅದು. ಈ ಮನೆಯ ಕಟ್ಟೆಯ ಮೇಲೆ ಒಂದು ತಂಬಿಗೆ, ಆ ಮನೆಯ ಪಡಸಾಲೆಯಲ್ಲಿ ಒಂದು ಲೋಟ. ಜಾಣ ಬಹಳ ಚೆನ್ನಾಗಿ ದಾರಿ ಹುಡುಕಿಕೊಂಡಿದ್ದ. ದುರಗವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ತಲೆಯೆತ್ತಿ ಗಟಗಟ ಕುಡಿಯುವಾಗ ಅವನ ಮುಖದಲ್ಲಿದ್ದ ಸುಖ ಕಂಡು ಕೂಗಲು ಬಾಯಿ ಬರಲಿಲ್ಲ.

ಅವನು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಅವಳು ಮನೆಮನೆಗೆ ಹೋದಳು. ನನ್ನ ಗಂಡನಿಗೆ ನೀರು ಕೊಡಬೇಡಿರಿ ಎಂದು ಕೈಮುಗಿದಳು. ವೈರಿಯ ವಿಷಯದಲ್ಲೂ ಆಡಬಾರದ ಮಾತದು. ಆಡುವಾಗೆಲ್ಲ ನಾಚಿಕೆಯಿಂದ ಕುಗ್ಗಿದಳು. ಎಲ್ಲರೂ ಹೂಂ ಎಂದರು. ಓಣಿಯ ಕೊನೆಯ ಮನೆಯ ಮುದುಕಿ ಸಾವಂತ್ರವ್ವ ಮಾತ್ರ ಒಪ್ಪಲಿಲ್ಲ.

“ನೀರು ಬೇಡಿದವಗ ಇಲ್ಲ ಅನ್ನಾಕ ನನ್ನ ಬಾಯಾಗ ಬರೂದಿಲ್ಲ ತಂಗಿ. ಅದೊಂದು ಕೇಳಬ್ಯಾಡ.”

“ಕೊಟ್ರ ಅವ್ರು ನನಗ ಉಳಿಯೂದಿಲ್ಲ, ದೊಡ್ಡವ್ವ.”

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ಮೈಲಾರಲಿಂಗಪ್ಪ ಓಣಿಗಿಳಿದಾಗ, ಎದುರು ನಿಂತು ಇಲ್ಲ ಎನ್ನಲಾರದವರೆಲ್ಲ ಅವನು ಬರುವುದನ್ನು ಕಂಡೇ ಬಾಗಿಲು ಹಾಕಿಕೊಂಡರು. ಒಂದಾದ ಮೇಲೊಂದು ಬಾಗಿಲು ಮುಚ್ಚಿದವು. ಕೊನೆಯ ಮನೆಯದೂ ಮುಚ್ಚಿತು. ಅವನು ಮನೆಗೆ ಬಂದು ಕಂಬಕ್ಕೆ ಒರಗಿ ಕೂತ.

“ಊರವ್ರು ನನ್ನ ದೂರ ಮಾಡ್ಯಾರ,” ಎಂದ. “ನಾ ಯಾರಿಗೆ ಏನ್ ಮಾಡೇನಿ?”

ದುರಗವ್ವ ಸುಮ್ಮನಿದ್ದಿದ್ದರೆ ತಪ್ಪು ಊರಿನ ತಲೆಯ ಮೇಲೇ ಉಳಿಯುತ್ತಿತ್ತು. ಅವಳಿಂದ ಆಗಲಿಲ್ಲ.

“ನಾನ ಹೇಳಿ ಬಂದೇನ್ರಿ. ಮನಿ ಮನಿಗೆ ಹೋಗಿ.”

“ಎಲ್ಲಾ ಮನಿಗೂ?”

“ಎಲ್ಲಾ ಮನಿಗೂ.”

ಎರಡು ದಿನ ಅವನು ಅವಳಿಗೆ ಬೆನ್ನು ಮಾಡಿ ಮಲಗಿದ. ಕಾಲು ಬಾತುಕೊಂಡಿದ್ದವು, ತಟ್ಟೆಯ ರೊಟ್ಟಿ ಹಾಗೇ ಉಳಿಯುತ್ತಿತ್ತು. ತಾನು ಅವನ ಜೀವ ಉಳಿಸುತ್ತಿದ್ದೇನೋ, ಜೀವವಿರುವಾಗಲೇ ಕೊಲ್ಲುತ್ತಿದ್ದೇನೋ ಎಂದು ದುರಗವ್ವ ಒಲೆಯ ಮುಂದೆ ಕೂತು ಅತ್ತಳು.

ಆಮೇಲೊಂದು ಮಧ್ಯಾಹ್ನ ಅವನು ಹೆಗಲಿಗೆ ಟವೆಲ್ ಹಾಕಿಕೊಂಡು ಎದ್ದ. ದುರಗವ್ವ ದೂರದಿಂದಲೇ ಹಿಂಬಾಲಿಸಿದಳು. ಬಾಗಿಲುಗಳು ಮತ್ತೆ ಮುಚ್ಚತೊಡಗಿದವು. ಅವನು ಯಾವುದನ್ನೂ ನೋಡದೆ ಸಾವಂತ್ರವ್ವನ ಮನೆಯ ಮುಂದೆ ಹೋಗಿ ನಿಂತ.

“ದೊಡ್ಡವ್ವ, ನೀರು ಕೇಳಾಕ ಬಂದಿಲ್ಲ. ಬಾಗಿಲಾ ತಗಿ.”

ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಊಟದಿಂದ ಎದ್ದು ಬಂದಿದ್ದ ಮುದುಕಿಯ ಬೆರಳುಗಳಿಗೆ ಕೆಂಪು ಖಾರ ಅಂಟಿತ್ತು. ಅವಸರದಲ್ಲಿ ನುಂಗಿದ್ದಕ್ಕೋ ಏನೋ, ಬಿಕ್ಕಳಿಕೆ ಹತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

“ಒಳಗ ಹೋಗಿ ಒಂದು ಗುಟುಕು ನೀರು ಕುಡಿ,” ಎನ್ನುತ್ತ ಮೈಲಾರಲಿಂಗಪ್ಪ ಕಟ್ಟೆಯ ಮೇಲೆ ಕೂತ.

ಸಾವಂತ್ರವ್ವ ಒಲ್ಲೆನೆಂದು ತಲೆಯಾಡಿಸಿದಳು. ಬಿಕ್ಕುತ್ತಲೇ ಬಂದು ಅವನ ಪಕ್ಕ ಕೂತಳು.