ಸೈದಾಪುರದ ಹಣಮೇಶನ ಕಾರು

"ಈ ಸಲನಾದ್ರೂ ಸ್ಟೇರಿಂಗ್ ಹಿಡೀರಿ ಸರ್," ಎಂದು ಮಹಾನಂದಾ ಕಾರಿನ ಕೀಲಿಯನ್ನು ಮುಂದೆ ಹಿಡಿದಳು.

ವಿಶ್ವರಾಧ್ಯ ಕೈ ಚಾಚಲಿಲ್ಲ. "ನೀನಽ ಹೊಡಿ ತಂಗಿ. ನಾ ಬಾಜೂಕ ಕುಂತು ಇಂಜಿನ್ ಆವಾಜ್ ಕೇಳ್ತೀನಿ," ಎಂದ.

ಯಾದಗಿರಿಯ ಆ ಶೋರೂಮಿಗೆ ಗಂಡ ಹೆಂಡತಿ ಬಂದದ್ದು ಇದು ನಾಲ್ಕನೆಯ ಸಲ. ಮೊದಲ ಸಲ ಬಂದಾಗ ತಣ್ಣೀರು, ಚಹಾ, ಬಿಸ್ಕೀಟು ಎಲ್ಲ ಬಂದಿತ್ತು. ಎರಡನೆಯ ಸಲ ಬಿಸ್ಕೀಟು ನಿಂತಿತು. ಈ ಸಲ ನೀರನ್ನೂ ಕೇಳಿ ತರಿಸಿಕೊಳ್ಳಬೇಕಾಯಿತು. ಮಹಾನಂದಾಳ ತಪ್ಪೇನಿಲ್ಲ. ಕಾರು ಮಾರುವವಳಿಗೂ ಹೊಟ್ಟೆಪಾಡಿದೆ. ನೋಡುವುದನ್ನೇ ಕಸುಬು ಮಾಡಿಕೊಂಡ ಗಿರಾಕಿಗೆ ಎಷ್ಟು ದಿನ ಬಿಸ್ಕೀಟು ಕೊಟ್ಟಾಳು?

ಹೆಂಡತಿ ಮಲ್ಲೇಶ್ವರಿಗೆ ಅಲ್ಲಿಯ ಪ್ಲಾಸ್ಟಿಕ್ ಕುರ್ಚಿ ಸೊಂಟಕ್ಕೆ ಒತ್ತುತ್ತಿತ್ತು. ಎದ್ದು, ಬಾಗಿಲು ತೆರೆದೇ ಇದ್ದ ಇನ್ನೊಂದು ಬಿಳಿ ಕಾರಿನೊಳಗೆ ಕುಳಿತಳು. ಹತ್ತಿರಕ್ಕಿದ್ದದ್ದು ಡ್ರೈವರ್ ಸೀಟು, ಅದಕ್ಕೇ ಅಲ್ಲಿ ಕುಳಿತಳು. ಬೆನ್ನು ಒರಗಿತು. ಎಷ್ಟೋ ದಿನದ ಮೇಲೆ ನೋವು ಒಂದಿಷ್ಟು ಸುಮ್ಮನಾಯಿತು.

"ಏ, ಅಲ್ಯಾಕ ಕುಂತಿ? ಆ ಕಡಿ ಸರಿ," ಎಂದು ವಿಶ್ವರಾಧ್ಯ ನಕ್ಕ. "ಕಾರ್ ಹೊಡಿಯಾಕಿ ಆದಳು ನೋಡು ದೊಡ್ಡಾಕಿ!"

"ಸೊಂಟಕ್ಕ ಆರಾಮ ಅನಸ್ತದ್ರಿ. ನೀವು ಹೋಗಿ ಬರ್ರಿ," ಎಂದಳು ಅವಳು ಕಣ್ಣು ಮುಚ್ಚಿಕೊಂಡೇ.

ಮಲ್ಲೇಶ್ವರಿ ದೋರನಹಳ್ಳಿಯ ಸರಕಾರಿ ದವಾಖಾನೆಯಲ್ಲಿ ನರ್ಸು. ಮನೆ ಶಹಾಪುರದಲ್ಲಿ. ಇಪ್ಪತ್ತೆರಡು ವರ್ಷ ಟಂಟಂ ಆಟೊದಲ್ಲಿ ಹನ್ನೊಂದು ಮಂದಿಯ ನಡುವೆ ಹನ್ನೆರಡನೆಯವಳಾಗಿ, ಅರ್ಧ ಮೈ ಹೊರಗಿಟ್ಟುಕೊಂಡು ಹೋಗಿಬಂದವಳು. ಕಳೆದ ವರ್ಷ ಬೆನ್ನಿನ ಡಿಸ್ಕ್ ಸರಿಯಿತು. ಟಂಟಂ ಬೇಡ, ಬೈಕಿನ ಹಿಂದೆ ಬೇಡ, ಬಸ್ಸಿನಲ್ಲಿ ದಿನಾ ನಿಂತು ಹೋಗುವುದಂತೂ ಬೇಡವೇ ಬೇಡ ಎಂದರು ಡಾಕ್ಟರು. ಮತ್ತೆ ಹಾರಿ ಹೋಗಲೇನು ಎಂದು ಕೇಳಬೇಕೆನಿಸಿತ್ತು ಅವಳಿಗೆ. ನೌಕರಿ ಇನ್ನೂ ಆರು ವರ್ಷ ಇತ್ತು. ಬಿಡಲು ಸುತಾರಾಂ ಮನಸ್ಸಿರಲಿಲ್ಲ. ಆ ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. "ಸಣ್ಣದೊಂದು ಕಾರ್ ತೊಗೊಳ್ಳೂಣು, ದಿನಾ ನಾನಽ ಬಿಟ್ಟು ಕರ್ಕೊಂಡು ಬರ್ತೀನಿ," ಎಂದಿದ್ದ ವಿಶ್ವರಾಧ್ಯ. ಹರೆಯದಲ್ಲಿ ಸೋದರಮಾವನ ಜೀಪು ಓಡಿಸಿದವನು, ಲೈಸೆನ್ಸೂ ಇತ್ತು. ಅದು ಎಂಟು ತಿಂಗಳ ಹಿಂದಿನ ಮಾತು, ಅಲ್ಲಿಂದ ಇಲ್ಲಿಯವರೆಗೂ ಅವಳು ಅದೇ ಟಂಟಂನಲ್ಲೇ ಹೋಗಿಬರುತ್ತಿದ್ದಳು. ಈಗ ಅವಳ ಬ್ಯಾಗಿನಲ್ಲಿ ಸ್ವಯಂ ನಿವೃತ್ತಿಯ ಅರ್ಜಿ ಇತ್ತು. ಸಹಿ ಮಾಡಿ, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದಳು. ತಿಂಗಳು ಮುಗಿಯುವುದರೊಳಗೆ ಕಾರು ಬರಬೇಕು, ಇಲ್ಲವೇ ಅರ್ಜಿ ಹೋಗಬೇಕು. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು.

ವಿಶ್ವರಾಧ್ಯನದು ಶಹಾಪುರದ ಶಾಲೆಯೊಂದರ ಪಕ್ಕ ಪುಸ್ತಕ, ಪೆನ್ನಿನ ಅಂಗಡಿ. ಅಂಗಡಿಯದೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿದ್ದ: ಆವರೇಜ್, ಡಿಕ್ಕಿ, ರಿಪೇರಿ, ಕ್ಲಚ್. ಆವರೇಜ್ ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರು. ಈ ಸೀಮೆಯಲ್ಲಿ ಗಾಡಿ ಕಂಡರೆ ಜನ ಮೊದಲು ಕೇಳುವುದೇ ಅದನ್ನು, ಮಾಲೀಕರು ಮೊದಲು ಸುಳ್ಳು ಹೇಳುವುದೂ ಅದನ್ನೇ. ಸುರಪುರದ ಅಳಿಯ ತನ್ನ ಕಾರು ಇಪ್ಪತ್ತೆರಡು ಕೊಡುತ್ತದೆ ಎಂದ. ಮಗಳು ಒಳಗೆ ರೊಟ್ಟಿ ಬಡಿಯುತ್ತ, "ಹದಿನಾರು ಕೊಟ್ಟರ ದೊಡ್ಡದಬೇ," ಎಂದು ತಾಯಿಯ ಕಿವಿಯಲ್ಲಿ ಹೇಳಿದಳು. ಗ್ಯಾಸಿನ ಕಾರು ಆವರೇಜಿನಲ್ಲಿ ಎಲ್ಲಕ್ಕಿಂತ ಮೇಲು, ಆದರೆ ಡಿಕ್ಕಿಯ ತುಂಬ ಸಿಲಿಂಡರು, ಪಂಪಿನ ಮುಂದೆ ಉದ್ದ ಪಾಳಿ. ಹಳೇ ಡೀಸೆಲ್ ಕಾರು ಚಲೋ ಓಡುತ್ತದೆ, ಕೆಟ್ಟಿತೋ ಮುಗಿಯಿತು ಕಥೆ. ಗೇರೇ ಇಲ್ಲದ್ದು ದುಬಾರಿ. ಹೀಗೆ ಪುಟ ತುಂಬುತ್ತ ಹೋದವು. ಮೊದಲ ಪುಟಗಳಲ್ಲಿ ಬಾಲ್‌ಪೆನ್ನಿನ ಸಣ್ಣ, ದುಂಡನೆಯ ಅಕ್ಷರ. ಆಮೇಲೆ ದಪ್ಪ ಸ್ಕೆಚ್ ಪೆನ್ನಿನ ದೊಡ್ಡ ದೊಡ್ಡ ಅಕ್ಷರ. ಗಂಡನಿಗೆ ಹುರುಪು ಹೆಚ್ಚಿದೆ ಎಂದುಕೊಂಡಿದ್ದಳು ಮಲ್ಲೇಶ್ವರಿ.

ಅಷ್ಟು ಪುಟಗಳಲ್ಲಿ ಅವಳಿಗೆ ಹಿಡಿಸಿದ್ದು ಒಂದೇ ಕಾರು. ಮೂರು ತಿಂಗಳ ಹಿಂದೆ ಯಾದಗಿರಿಗೆ ಹೋದ ವಿಶ್ವರಾಧ್ಯ ಹೊತ್ತು ಮುಳುಗಿದರೂ ಮನೆಗೆ ಬಂದಿರಲಿಲ್ಲ, ಫೋನೂ ಎತ್ತಿರಲಿಲ್ಲ. ಬಂದ ಮೇಲೆ ಕೇಳಿದರೆ ಸೈದಾಪುರಕ್ಕೆ ಹೋಗಿದ್ದೆ ಎಂದ. ಅಲ್ಲಿ ಹಣಮೇಶ ಅಂತ ಒಬ್ಬನಿದ್ದಾನೆ, ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಕಾರು ಮಾರುವವನಿದ್ದಾನೆ ಎಂದ. ಪುಟದಲ್ಲಿ ಬರೆದೂ ಇಟ್ಟ: ಐದು ವರ್ಷದ ಗಾಡಿ, ಒಬ್ಬನೇ ಮಾಲೀಕ, ಆವರೇಜ್ ಇಪ್ಪತ್ನಾಲ್ಕು, ಡಿಕ್ಕಿ ದೊಡ್ಡದು, ರಿಪೇರಿ ಏನೂ ಇಲ್ಲ. ಆ ಕಾರಿಗೆ ಒಂದೂ ದೋಷ ಇರಲಿಲ್ಲ. ಅದನ್ನೇ ತರೋಣ ಎಂದಾಗೆಲ್ಲ ಮಾತ್ರ ಅವನು ಬೇರೆ ಮಾತು ತೆಗೆಯುತ್ತಿದ್ದ.

ಮಹಾನಂದಾಳ ಕಾರು ತಿರುಗಿ ಬಂತು. ವಿಶ್ವರಾಧ್ಯ ಇಳಿದು ನೋಟ್‌ಬುಕ್ ತೆಗೆದ. "ಹಿಂದಿನ ಸೀಟು ಇಕ್ಕಟ್ಟದ," ಎಂದ.

"ಹಿಂದಿನ ಸೀಟಿನಾಗ ಯಾರು ಕುಂದ್ರವರದಾರ? ನಾವಿರೂದಽ ಇಬ್ಬರು," ಎಂದಳು ಮಲ್ಲೇಶ್ವರಿ. ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡಲೂ ಆಗದಷ್ಟು ದಣಿದಿದ್ದಳು. "ಸಾಕ್ರಿ. ಇನ್ನೊಂದು ಗಾಡಿ ನೋಡಾಕ ನನ್ನ ಕೈಲೆ ಆಗಂಗಿಲ್ಲ. ನಡೀರಿ, ಸೈದಾಪುರಕ್ಕ ಹೋಗಿ ಆ ಹಣಮೇಶನ ಕಾರ್ ಮಾತಾಡಿ ಬಂದುಬಿಡೂಣು."

"ಈ ಬಿಸಲಾಗ? ಆಂವ ಡ್ಯೂಟಿ ಮ್ಯಾಲೆ ಇರ್ತಾನ."

"ಇವತ್ತ ಐತವಾರ."

"ಮಾರಿದ್ನೋ ಏನೋ."

"ಹೋದ್ರ ಗೊತ್ತಾಗ್ತದ."

ವಿಶ್ವರಾಧ್ಯ ಅತ್ತಿತ್ತ ನೋಡಿದ. ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದೆ ನಡೆದ. ಬೀಳ್ಕೊಡಲು ಬಂದ ಮಹಾನಂದಾ ಮುಂದಿನ ವಾರ ಬನ್ನಿ ಎಂದು ಈ ಸಲ ಹೇಳಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಜನ ಕಿಕ್ಕಿರಿದಿದ್ದರು. ಮಲ್ಲೇಶ್ವರಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು, "ನನಗ ಎದ್ದು ಕುಂತು ಮಾಡಾಕ ಆಗಂಗಿಲ್ಲ, ಸೈದಾಪುರ ಬಸ್ಸು ಬಂದದೇನು ನೋಡ್ರಿ," ಎಂದಳು. ಅವನು ಹೋಗಿ, ಸಾಲಾಗಿ ನಿಂತ ಬಸ್ಸುಗಳ ಮುಂದೆ ಒಂದು ಸುತ್ತು ತಿರುಗಿ ಬಂದ.

"ಬಂದದ, ನಡಿ. ಅಕಾ, ಅಲ್ಲಿ ನಿಂತದ."

ಅವಳು ಬ್ಯಾಗು ಎತ್ತಿಕೊಂಡು ಹೋದಳು. ಬಸ್ಸಿನ ಮುಂದೆ ಹಳದಿ ಬೋರ್ಡಿನ ಮೇಲೆ ಶಹಾಪುರ ಎಂದು ಕೈಯಗಲದ ಅಕ್ಷರದಲ್ಲಿ ಬರೆದಿತ್ತು. ಅವಳ ತಲೆ ಕೆಟ್ಟಿತು.

"ಏನ್ರಿ ಇದು? ನನಗೇನು ಓದಾಕ ಬರಂಗಿಲ್ಲಂತ ತಿಳ್ಕೊಂಡೀರಿ? ಸುಮ್ಮ ಮನೀಗೆ ಕರ್ಕೊಂಡು ಹೋಗೂ ಹಂಚಿಕಿ ಏನಿದು?"

"ಯಾಕ? ಸೈದಾಪುರ ಅಂತಽ ಬರದಾರಲ್ಲ," ಎಂದ ವಿಶ್ವರಾಧ್ಯ.

ಹಂಚಿಕೆ ಹೂಡಿದವನ ಮುಖವಾಗಿರಲಿಲ್ಲ ಅದು. ಬೋರ್ಡಿಗೆ ಹತ್ತು ಹೆಜ್ಜೆ ದೂರ ನಿಂತು, ಕತ್ತು ಸ್ವಲ್ಪ ಓರೆ ಮಾಡಿ, ನಿಜವಾಗಿಯೂ ಓದುತ್ತಿದ್ದ. ಎರಡೂ ಊರಿನ ಬಾಲ ಒಂದೇ. ಮೊದಲಕ್ಷರ ಕಾಣದಿದ್ದರೆ ಯಾವುದೂ ಯಾವುದೋ ಆಗುತ್ತದೆ.

ಮಲ್ಲೇಶ್ವರಿಯ ದನಿ ತಾನಾಗಿಯೇ ಇಳಿಯಿತು. "ಅದರ ಬಾಜೂಕಿಂದು ಯಾವ ಊರಿಂದ್ರಿ?"

ಅವನು ಬಹಳ ಹೊತ್ತು ನೋಡಿದ. "ಸುರಪುರ," ಎಂದ.

ಅದು ರಾಯಚೂರಿನ ಬಸ್ಸು.

ಅವಳು ಬ್ಯಾಗು ಹೆಗಲಿಗೇರಿಸಿದಳು. ಅವನ ತೋಳು ಹಿಡಿದು ಶಹಾಪುರದ ಬಸ್ಸನ್ನೇ ಹತ್ತಿದಳು. ಹತ್ತುವಾಗ ಅವನ ಕಾಲು ಮೊದಲನೆಯ ಮೆಟ್ಟಿಲನ್ನು ಹುಡುಕಿದ್ದನ್ನು ನೋಡಿದಳು. ಇದನ್ನೂ ಎಷ್ಟು ದಿನದಿಂದ ನೋಡಿ ನೋಡದಂತಿದ್ದೆನೋ ಎಂದುಕೊಂಡಳು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು ಎಂದು ದೋರನಹಳ್ಳಿಯ ಓಣಿ ಓಣಿ ತಿರುಗಿ ಹೇಳುವವಳು ಅವಳು. ಮನೆಯಲ್ಲಿ ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಒಬ್ಬನಿಗೆ ಸಕ್ಕರೆಯ ಗುಳಿಗೆ ಕೊಡುತ್ತ ಬಂದಿದ್ದಳು, ಒಂದು ಸಲವೂ ಅವನ ಕಣ್ಣು ನೋಡಿರಲಿಲ್ಲ. ಅವನ ಮೇಲೆ ಬಂದಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು.

ಕಿಟಕಿಯ ಬಿಸಿಲು ಮುಖಕ್ಕೆ ಬೀಳುವಂತೆ ಅವನನ್ನು ಕೂರಿಸಿ, ಗದ್ದ ಹಿಡಿದೆತ್ತಿ ಎರಡೂ ಕಣ್ಣು ನೋಡಿದಳು. ಪೊರೆ ಬಂದಿದ್ದರೆ ಬೆಳ್ಳಗೆ ಕಾಣಬೇಕಿತ್ತು, ಆಪರೇಷನ್ ಮಾಡಿಸಿದರೆ ಹೋಗುತ್ತಿತ್ತು. ಬೆಳ್ಳಗೇನೂ ಕಾಣಲಿಲ್ಲ. ಕೆಟ್ಟಿದ್ದು ಒಳಗೆ. ಒಳಗೆ ಹೋದ ದೃಷ್ಟಿ ತಿರುಗಿ ಬರುವುದು ಕಷ್ಟ, ಉಳಿದದ್ದನ್ನು ಉಳಿಸಿಕೊಂಡರೆ ಪುಣ್ಯ ಎಂಬುದು ಅವಳಿಗೆ ಗೊತ್ತಿತ್ತು.

"ಎಂದಿಂದ?" ಎಂದು ಕೇಳಿದಳು.

"ದೀಪಾವಳಿ ಮುಂಚಿಲಿಂದ."

"ಹಣಮೇಶ ಅನ್ನಾಂವ ಇದ್ದಾನೇನ್ರಿ?"

ಅವನು ನೋಟ್‌ಬುಕ್ಕನ್ನು ತೊಡೆಯ ಮೇಲೆ ತಿರುವಿ ಮುರುವಿ ಇಟ್ಟುಕೊಂಡ. ಬಸ್ಸು ಊರು ದಾಟಿ ಭೀಮಾ ನದಿಯ ಸೇತುವೆಯ ಮೇಲೆ ಬಂದಾಗ ಬಾಯಿ ಬಿಟ್ಟ.

"ಆವತ್ತು ಶಹಾಪುರ ಬಸ್ಸಂತಽ ಹತ್ತಿ ಕುಂತೆ. ಕಂಡಕ್ಟರ್ ಬಂದಾಗ ಬಸ್ಸು ಊರ ಹೊರಗ ಬಂದಿತ್ತು. ಶಹಾಪುರ ಕೊಡಪಾ ಅಂದೆ. ಬಸ್ಸಿಗೆ ಬಸ್ಸಽ ನಕ್ಕಿತು. ಯಾವನೋ ಒಬ್ಬ, ಓದಾಕ ಬರಂಗಿಲ್ಲೇನು ಮುತ್ಯಾ ಅಂದ." ನೋಟ್‌ಬುಕ್ಕಿನ ಮೂಲೆ ಸವರಿದ. "ಮೂವತ್ತು ವರ್ಷ ಪುಸ್ತಕ ಮಾರಿದಾಂವ ನಾ. ಹೌದಪಾ, ಬರಂಗಿಲ್ಲ ಅಂದೆ. ನಡುವ ಇಳಿಯಾಕೂ ನಾಚಿಕಿ ಆತು. ಸೈದಾಪುರತನಾ ಹೋಗಿ ಕುಂತುಬಿಟ್ಟೆ."

"ಹೆಸರು ಎಲ್ಲಿಂದ ತಂದ್ರಿ?"

"ಅಲ್ಲಿ ಚಾ ಕೊಟ್ಟಾಂವನ ಹೆಸರು."

ಮಲ್ಲೇಶ್ವರಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡಳು.

"ಹೇಳಬಾರದಿತ್ತೇನ್ರಿ ನನಗ?"

"ಏನಂತ ಹೇಳ್ಲಿ? ಕಾರ್ ತೊಗೊಂಡ್ರ ನಾ ಹೊಡೀಬೇಕಾಗ್ತದ. ತೊಗೊಳ್ಳಿಲ್ಲಂದ್ರ ನೀ ನೌಕರಿ ಬಿಡ್ತಿ. ಅದಕ್ಕಽ ನೋಡೂದು ಮುಗೀಲಾರದಂಗ ನೋಡಕೋತ ಕುಂತೆ." ಅವಳ ಬ್ಯಾಗಿನ ಕಡೆ ತಿರುಗಿದ. "ಈಗ ಅರ್ಜಿ ಕೊಡ್ತೀಯೇನು?"

ಅವಳು ಬ್ಯಾಗು ತೆರೆದಳು. ಅರ್ಜಿ ಮೇಲೆಯೇ ಇತ್ತು. ಅದನ್ನು ಸರಿಸಿ ಕೆಳಗಿನ ಹಾಳೆ ತೆಗೆದಳು. ನಾಡಿದ್ದು ದೋರನಹಳ್ಳಿಯಲ್ಲಿ ಕಣ್ಣಿನ ಕ್ಯಾಂಪು ಇತ್ತು. ನಲವತ್ತೊಂದು ಜನರ ಹೆಸರನ್ನು ಅವಳೇ ಮನೆ ಮನೆಗೆ ಹೋಗಿ ಬರೆದುಕೊಂಡು ಬಂದಿದ್ದಳು. ಕುಲುಕುವ ಬಸ್ಸಿನಲ್ಲಿ ನಲವತ್ತೆರಡನೆಯ ಸಾಲಿನಲ್ಲಿ ವಿಶ್ವರಾಧ್ಯ, ಶಹಾಪುರ ಎಂದು ಬರೆದಳು. ವಯಸ್ಸು ಐವತ್ತೆಂಟು. ಸಕ್ಕರೆ ಕಾಯಿಲೆ, ಹೌದು. ಅಕ್ಷರ ಸೊಟ್ಟಗಾಯಿತು.

ಹೊರಗೆ ಹತ್ತಿ ಬಿಡಿಸಿ ಮುಗಿದ ಹೊಲಗಳು, ಬರೀ ಕಡ್ಡಿ. ಬಸ್ಸು ವೇಗ ಕಡಿಮೆ ಮಾಡಿತು.

"ಯಾವ ಊರು ಬಂತು?" ಎಂದ ವಿಶ್ವರಾಧ್ಯ.

"ದೋರನಹಳ್ಳಿ," ಎಂದಳು. ಸ್ಟಾಪಿನಲ್ಲಿ ಟಂಟಂ ಒಂದು ಜನರನ್ನು ತುಂಬಿಕೊಳ್ಳುತ್ತಿತ್ತು. ಒಬ್ಬ ಹೆಂಗಸು ಒಂದೇ ತೊಡೆ ಊರಿ ಅಂಚಿನಲ್ಲಿ ಕುಳಿತು, ಮೇಲಿನ ಕಂಬಿ ಹಿಡಿದುಕೊಂಡಳು. ಬಸ್ಸು ಹೊರಡುವವರೆಗೂ ಮಲ್ಲೇಶ್ವರಿ ಅವಳನ್ನೇ ನೋಡಿದಳು. ಆಮೇಲೆ ಗಂಡನ ತೊಡೆಯ ಮೇಲಿದ್ದ ನೋಟ್‌ಬುಕ್ಕನ್ನು ಎಳೆದುಕೊಂಡು, ಸೈದಾಪುರದ ಪುಟ ತೆಗೆದಳು. ದಪ್ಪ ಅಕ್ಷರಗಳ ಮೇಲೆ ಬೆರಳು ಇಟ್ಟು ಸಾಲು ಸಾಲಾಗಿ ಓದಿದಳು. ಎಲ್ಲ ಮನೆ ತುಂಬಿದ್ದವು, ಕೊನೆಯದೊಂದು ಖಾಲಿ ಉಳಿದಿತ್ತು.

"ರೀ, ಇದೊಂದು ಬರದಽ ಇಲ್ಲಲ್ಲ."

"ಯಾವುದು?"

"ಹಣಮೇಶನ ಗಾಡಿದು ಕ್ಲಚ್. ಬಿರುಸಿತ್ತೇನು, ಮೆತ್ತಗಿತ್ತು?"

ವಿಶ್ವರಾಧ್ಯ ಅವಳ ದನಿ ಬಂದ ಕಡೆ ತಿರುಗಿದ. ಅವಳ ಎಡಗಾಲು ಮುಂದಿನ ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಯನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ಮೆತ್ತಗಿತ್ತು," ಎಂದ ಅವನು. "ಭಾಳ ಮೆತ್ತಗಿತ್ತು."