ಬೇಸಿಗೆಗೆ ಮುಂಚಿನ ಉತ್ತರ

"ಬೇಸಿಗೆಗೇ ಗೊತ್ತಾಗಲಿ ಬಿಡು. ಈಗೇನು ಅವಸರ?" ಎಂದು ಮಗಳಿಗೆ ಹೇಳಿದ ದರ್ಜಿ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದ.

ಮಗಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮನ ಮಂಚದ ತುದಿಯಲ್ಲಿ ಕೂತಿದ್ದಳು. ದೂರದ ಆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದೇ ಅಪರೂಪ. ಇವತ್ತು ಸಂಜೆಯೊಳಗೆ, ಎಲ್ಲರಿಗಿಂತ ಮುಂಚೆ ಅರ್ಜಿ ಹಾಕಿದರೆ ಮುಂದಿನ ತಿಂಗಳೇ ಉತ್ತರ ಬರುತ್ತದೆ. ಆದರೆ ಹಾಗೆ ಹಾಕಿದವರು ಸೀಟು ಕೊಟ್ಟರೆ ಅಲ್ಲಿಗೇ ಹೋಗಬೇಕೆಂಬ ಷರತ್ತಿದೆ, ಊರಿನ ಕಾಲೇಜಿನ ಮಾತೆತ್ತುವಂತಿಲ್ಲ. ಎಲ್ಲರ ಜೊತೆ ಹಾಕಿದರೆ ಉತ್ತರ ಬೇಸಿಗೆಗೆ. ಹಾಸಿಗೆ ಹಿಡಿದವಳು ಬೇಸಿಗೆಯ ತನಕ ಉಳಿಯುವುದಿಲ್ಲವೆಂದು ಡಾಕ್ಟರು ಅಪ್ಪ ಮಗಳಿಬ್ಬರಿಗೇ ಹೇಳಿದ್ದರು. ಈಗ ಅವಸರ ಮಾಡಿದರೆ ಆ ಮಾತನ್ನು ಅವಳೆದುರೇ ಆಡಿದಂತಾದೀತೆಂದು ದರ್ಜಿಗೆ ಭಯ.

"ಪುಟ್ಟಿ, ಈಗಲೇ ಹಾಕು," ಎಂದಳು ಹೆಂಡತಿ.

"ನೀನು ಹುಷಾರಾದ ಮೇಲೆ ಕೂತು ಯೋಚಿಸೋಣ ಕಣೇ."

"ಹುಷಾರಾಗೋದು ಹಾಗಿರಲಿ. ನಾನು ತೊಟ್ಟಿರೋ ಈ ಅಂಗಿಯ ಮಗ್ಗುಲು ಎಷ್ಟು ಸಲ ಬಿಚ್ಚಿ ಹೊಲಿದ್ರಿ?"

ದರ್ಜಿಯ ಕೈ ನಿಂತಿತು. ಒಗೆದ ಬಟ್ಟೆ ಒಣಗಿದಾಗಲೆಲ್ಲ ಅವಳ ಅಂಗಿಗಳನ್ನು ಅಂಗಡಿಗೆ ಒಯ್ದು, ಬೆರಳಗಲ ಒಳಕ್ಕೆ ಹಿಡಿದು ಹೊಲಿದು ತರುತ್ತಿದ್ದ. ಅಂಗಿ ಸಡಿಲವಾಗದಿದ್ದರೆ ಮೈ ಸೊರಗಿದ್ದು ಅವಳಿಗೆ ತಿಳಿಯದೆಂದು ನಂಬಿದ್ದ. ಮದುವೆಯಾದಾಗಿನಿಂದ ಅದೇ ಅಂಗಡಿಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕಿದವಳು ಅವಳೆಂಬುದನ್ನೇ ಮರೆತಿದ್ದ.

"ನಿಮ್ಮ ಹೊಲಿಗೆ ನನಗೆ ಗೊತ್ತಾಗಲ್ವೇನ್ರೀ? ಪಾಪ, ಇಷ್ಟು ಕಷ್ಟಪಟ್ಟಿದ್ದಾರೆ, ಮೋಸಹೋದ ಹಾಗೇ ಇರೋಣ ಅಂತ ಸುಮ್ಮನಿದ್ದೆ." ನಗಲು ಹೋಗಿ ಕೆಮ್ಮಿದಳು. "ಗಿರಾಕಿಗಳ ಬಟ್ಟೆ ಒಂದು ದಿನವಾದ್ರೂ ಇಷ್ಟು ಬೇಗ ಕೊಟ್ಟಿದ್ರಾ?"

"ಸೀಟು ಸಿಕ್ಕಿದ್ರೆ ಅಪ್ಪ ಒಬ್ಬರೇ ಆಗ್ತಾರಲ್ಲಮ್ಮ," ಎಂದಳು ಮಗಳು.

"ಆಗ್ತಾರೆ. ಅಡುಗೆ ಕಲೀತಾರೆ. ಆ ಉತ್ತರ ನಾನು ಕೇಳ್ಬೇಕು ಪುಟ್ಟಿ. ಇಲ್ಲ ಅಂದ್ರೂ ಸರಿ, ಕೇಳ್ಬೇಕು. ಆಮೇಲೆ ಯಾರು ಬಂದು ನನಗೆ ಹೇಳ್ತೀರಿ?"

ಇಷ್ಟು ದಿನ ದರ್ಜಿ ದೇವರಲ್ಲಿ ಬೇಡುತ್ತಿದ್ದುದು ಬೇಸಿಗೆಯನ್ನು. ಈಗ, ಒಂದು ತಿಂಗಳು ಕೊಡು ಸಾಕು ಎಂದು ಮನಸ್ಸಿನಲ್ಲೇ ಕೈಮುಗಿದ.

"ಹಾಕಮ್ಮ," ಎಂದ.

ಮಗಳು ಎಲ್ಲವನ್ನೂ ತುಂಬಿ ಮುಗಿಸಿದಳು. ಕಳಿಸುವ ಮುಂಚೆ ಅಮ್ಮನಿಗೆ ಓದಿ ಹೇಳೋಣವೆಂದು ತಿರುಗಿದರೆ ಅವಳಿಗೆ ಜೋಂಪು ಹತ್ತಿತ್ತು. ಎಬ್ಬಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ; ತಾನಾಗಿ ಏಳಲೆಂದು ಕಾದು ಕೂತರು. ಕಿಟಕಿಯಾಚೆ, ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಸಣ್ಣದಾಗುತ್ತಿತ್ತು. ಲ್ಯಾಪ್‌ಟಾಪಿನ ಬೆಳಕು ಆರಿದಾಗಲೆಲ್ಲ ಮಗಳು ಮೆಲ್ಲಗೆ ಬೆರಳು ತಾಗಿಸಿ, ಮತ್ತೆ ಬೆಳಗಿಸುತ್ತಿದ್ದಳು.