ತವರಿಗೆ ಹೋದ ಶಂಖ

ನಾನೊಂದು ಶಂಖ. ನನ್ನನ್ನು ಯಾವ ಕುಶಲಕರ್ಮಿಯೂ ಕಡೆದದ್ದಲ್ಲ. ಕಡಲ ತಳದ ಒಂದು ಮೆತ್ತನೆಯ ಹುಳು ತನ್ನ ಮೈಯಿಂದಲೇ ಸುತ್ತಿನ ಮೇಲೆ ಸುತ್ತು ಹಾಕಿ ಕಟ್ಟಿದ ಮನೆ ನಾನು. ಒಂದು ದಿನ ಆ ಒಡೆಯ ನನ್ನೊಳಗೆ ಇರಲಿಲ್ಲ. ಎಲ್ಲಿಗೆ ಹೋಯಿತೆಂದು ಈಗಲೂ ಯೋಚಿಸುತ್ತೇನೆ.

ತೆರೆಗಳು ನನ್ನನ್ನು ಒಂದು ಸಣ್ಣ ದ್ವೀಪಕ್ಕೆ ತಂದು ಹಾಕಿದವು. ಅಲ್ಲಿ ಮನುಷ್ಯರಿಗಿಂತ ಕಡಲಕ್ಕಿಗಳೇ ಹೆಚ್ಚು. ಮೀನುಗಾರರ ಮನೆಯ ಅಕ್ಕಣಿ ನನ್ನನ್ನು ಹೆಕ್ಕಿ, ತುದಿ ಅರೆದು, ಊದಿದಳು. ಅಬ್ಬಾ, ನನ್ನೊಳಗೆ ಇಷ್ಟು ದೊಡ್ಡ ದನಿ ಎಲ್ಲಿತ್ತು! ಅಂದಿನಿಂದ ಕಡಲ ಮೇಲೆ ಮಂಜಿನ ಕಾವಳ ಕವಿದಾಗಲೆಲ್ಲ ದೋಣಿಗಳು ನನ್ನ ದನಿ ಹಿಡಿದು, ಬಂಡೆಗಳನ್ನು ತಪ್ಪಿಸಿಕೊಂಡು ದಂಡೆ ಸೇರುತ್ತಿದ್ದವು. ಇಡೀ ದ್ವೀಪಕ್ಕೆ ನಾನೊಂದೇ ಶಂಖ.

ಅಲ್ಲಿಯವರದೊಂದು ನಡಾವಳಿ. ಅಮಾಸೆಯ ಸಂಜೆ ಶಂಖವನ್ನು ತವರಿಗೆ ಕಳಿಸುವುದು. ಅರಿಶಿನ ಹಚ್ಚಿ ನೀರಂಚಿನ ಗುಳಿಯಲ್ಲಿ ಇಟ್ಟು, ಬೆಳಿಗ್ಗೆ ಕರೆತರುವುದು. ಜೀವವಿರುವ ಚಿಪ್ಪನ್ನು ಯಾರೂ ಖಾಲಿ ಮಾಡಿಸಬಾರದು ಎಂಬುದೂ ಅಲ್ಲಿಯ ಕಟ್ಟಳೆಯೇ.

ಅಂಥ ಒಂದು ಅಮಾಸೆಯ ಮರುದಿನ ಕಾವಳ ದಟ್ಟವಾಗಿ ಇಳಿಯಿತು. ಅಕ್ಕಣಿಯ ಒಬ್ಬನೇ ಮಗ ಶೀನ ಕಡಲಲ್ಲಿದ್ದ. ಸೊಸೆ ಮುಕಾಂಬು ಓಡಿಬಂದು ನನ್ನನ್ನೆತ್ತಿ ಊದಿದಳು. ಬರೀ ಉಸಿರು. ಖಾಲಿ ಚಿಪ್ಪು ಹುಡುಕಿ ವಾಸಮಾಡುವ ಸನ್ಯಾಸಿ ಏಡಿಯೊಂದು ತವರಿನಲ್ಲೇ ನನ್ನೊಳಗೆ ಸೇರಿಕೊಂಡು, ಕೊಂಡಿಯಿಂದ ಬಾಗಿಲು ಹಾಕಿಕೊಂಡಿತ್ತು.

"ಅತ್ತೆ, ಒಂದ್ ಕೆಂಡ ತನ್ನಿ! ಬಿಸಿ ತಾಗ್ರೆ ತನ್ನಷ್ಟಕ್ಕೆ ಓಡತ್."

"ಅದ್ ಮನಿ ಮಾಡ್ಕಂಡಿತ್ ಹೆಣ್ಣೆ. ಬಿಡ್ಸುಕಾಗ."

"ನಿಮ್ ಮಗ ಕಲ್ಲಿಗೆ ಬಡ್ದ್ ಸಾಯ್ಲಾ? ಏಡಿ ನಿಮ್ಗೆ ಎಂತ, ಮೊಮ್ಮಗನಾ?"

ಅಕ್ಕಣಿ ನನ್ನನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು. ಮೆಲ್ಲಗೆ ಮರಳ ಮೇಲಿಟ್ಟು, ತಾಮ್ರದ ಹರಿವಾಣ ತಂದು ಸೌಟಿನಿಂದ ಬಡಿಯತೊಡಗಿದಳು. ದಿನವೂ ಬೆಳಗಿನ ಹೊತ್ತು ಪಿಸುದನಿಯಲ್ಲಿ ಹೇಳುವ ಉದಯರಾಗದ ಪದಗಳನ್ನು ಗಂಟಲು ಹರಿಯುವಂತೆ ಕೂಗಿದಳು. ಸಾಲಿಗೊಂದು ಪೆಟ್ಟು. ಅಳುತ್ತ ನಿಂತಿದ್ದ ಮುಕಾಂಬುವೂ ಒಂದು ಕೊಡ ತಂದಳು.

ಇಷ್ಟು ತೆಳ್ಳಗಿನ ಸದ್ದು ಮೊದಲ ತೆರೆಯನ್ನಾದರೂ ದಾಟೀತೇ? ನಾನು ಕಿವಿಯಾಗಿ ಬಿದ್ದಿದ್ದೆ. ಅದು ದಾಟಲಿಲ್ಲ. ಆದರೆ ಬಂಡೆಯ ಮೇಲೆ ಮಲಗಿದ್ದ ಕಡಲಕ್ಕಿಗಳು ಬೆಚ್ಚಿ ಎದ್ದವು. ದ್ವೀಪದ ಮೇಲಿನ ಆಕಾಶವೆಲ್ಲ ಕಿರುಚಾಟವಾಯಿತು.

ಬಹಳ ಹೊತ್ತಿನ ಮೇಲೆ ಕಾವಳದೊಳಗಿಂದ ದೋಣಿಯ ಮೂತಿ ಕಂಡಿತು. ಶೀನ ಇಳಿದವನೇ, "ಶಂಖ ಕೇಣ್ಸಲೇ ಇಲ್ಲೆ! ಹಕ್ಕಿ ಬೊಬ್ಬಿ ಹಿಡ್ಕಂಡ್ ಬಂದೆ. ಎಂತ ಆಯ್ತ್?" ಎಂದ.

"ನಿಮ್ ಅಬ್ಬಿ ಹತ್ರ ಕೇಣಿ. ನಿಮ್ಗಿಂತ ಏಡಿ ಮೇಲಂಬ್ರು," ಎಂದಳು ಮುಕಾಂಬು.

ಅಕ್ಕಣಿ ಮರಳಿನಲ್ಲಿ ಕುಸಿದಿದ್ದಳು. ಅವಳ ಬೆರಳುಗಳನ್ನು ಸೌಟಿನಿಂದ ಬಿಡಿಸಲು ಮಗನೇ ಬರಬೇಕಾಯಿತು.

ಅಕ್ಕಣಿ ತೀರಿಕೊಂಡು ವರ್ಷಗಳಾದವು. ದೋಣಿಗಳಿಗೆ ಈಗ ಬೇರೆ ಶಂಖವಿದೆ. ನನಗೆ ವಯಸ್ಸಾಗಿದೆ, ಬಣ್ಣ ಹೋಗಿದೆ. ಆದರೂ ಸಂಜೆಯಾದರೆ ಏಡಿಯ ಬೆನ್ನೇರಿ ಕೇದಗೆಯ ಬುಡಗಳನ್ನೆಲ್ಲ ನೋಡಿಬರುತ್ತೇನೆ. ನಿನ್ನೆ ದಾರಿಯಲ್ಲಿ ಮುಕಾಂಬು ಸಿಕ್ಕಳು. ಬಗ್ಗಿ, ಒಂದು ಚೂರು ಕೊಬ್ಬರಿ ಇಟ್ಟಳು.

"ತಿನ್ ಮಾರಾಯಾ. ಒಳ್ಗೆ ಅತ್ತಿ ಗಿತ್ತಿ ಇದ್ಳಾ ಹ್ಯಾಂಗೆ?"

ಒಳಗಿನವರ ಸುದ್ದಿ ನನಗೆ ಎಂದೂ ತಿಳಿದಿಲ್ಲ. ಕೊಬ್ಬರಿ ಮಾತ್ರ ಮೆಲ್ಲಗೆ ಒಳಗೆ ಬಂತು.